ಕಡಲಿಗೆ ಕೊಟ್ಟ ಜ್ವರ

ನಮ್ಮೂರಿನಲ್ಲಿ ಜ್ವರವನ್ನು ಯಾರೂ ಮನೆಯಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಮೈ ಬಿಸಿಯಾಗಿದೆ ಎಂದು ಗೊತ್ತಾದ ಕೂಡಲೇ ಯಾರಾದರೊಬ್ಬರು ಕೈಹಿಡಿದು ಕಡಲಿಗೆ ಕರೆದುಕೊಂಡು ಹೋಗುತ್ತಿದ್ದರು. ಸೊಂಟದ ತನಕ ನೀರಿಗಿಳಿಸಿ, ಹೆಗಲಿಗೆ ಕೈಕೊಟ್ಟು ಮುಳುಗಿಸಿ ಎತ್ತಿದರೆ ಆಯಿತು, ಜ್ವರ ನೀರಿಗೆ ಹೋಗುತ್ತಿತ್ತು. ಅಳುತ್ತಾ ಹೋದ ಮಗು ಅಲ್ಲೇ ಮರಳಿನಲ್ಲಿ ಏಡಿ ಹಿಡಿಯಲು ಓಡುತ್ತಿತ್ತು. ಇದಕ್ಕೆ ನಾವು ‘ಕೊಟ್ಟು ಬರುವುದು’ ಎನ್ನುತ್ತಿದ್ದೆವು. ಮಗು ಶಾಲೆಗೆ ಯಾಕೆ ಬರಲಿಲ್ಲ ಎಂದು ಮಾಸ್ತರರು ಕೇಳಿದರೆ, ಜ್ವರ ಕೊಟ್ಟು ಬರಲು ಹೋಗಿದೆ, ಈಗ ಬರುತ್ತದೆ ಎಂದು ಹೇಳುತ್ತಿದ್ದೆವು.

ಜ್ವರ ಒಂದೇ ಅಲ್ಲ. ಕಮ್ಮಾರರು ಕೆಂಪಗೆ ಕಾದ ಕತ್ತಿಯನ್ನು ಕಡಲಿಗೆ ಅದ್ದುತ್ತಿದ್ದರು. ಭತ್ತ ಬೇಯಿಸುವವರು ಹಂಡೆಯನ್ನು ಹಾಗೇ ನೀರಿಗೆ ಇಳಿಸುತ್ತಿದ್ದರು. ಚುಂಯ್ ಎನ್ನುವ ಸದ್ದಿಲ್ಲ, ಹಬೆಯಿಲ್ಲ. ಕಾವು ಎಲ್ಲಿಗೋ ಹೋಗಿಬಿಡುತ್ತಿತ್ತು, ಕಡಲು ತಣ್ಣಗೇ ಇರುತ್ತಿತ್ತು. ಮಧ್ಯಾಹ್ನ ಊಟವಾಗುವ ಹೊತ್ತಿಗೆ ಅಲ್ಲಿಂದ ಗಾಳಿ ಬೀಸತೊಡಗಿದರೆ ಚಾಪೆ ಹಾಸಿ ಮಲಗಿದವರು ಹೊದಿಕೆ ಹುಡುಕಬೇಕಾಗುತ್ತಿತ್ತು. ಊರಿನ ಎಲ್ಲ ಮನೆಗಳ ಬಾಗಿಲೂ ಪಡುವಣಕ್ಕೇ ಇದ್ದವು.

ನಾನು ವಾಮನ. ಹಂಚಿನ ಕಾರ್ಖಾನೆಯಲ್ಲಿ ಗಾಡಿ ತಳ್ಳುವುದು ನನ್ನ ಕೆಲಸ. ಬೇರೆ ಊರುಗಳಲ್ಲಿ ಸುಟ್ಟ ಹಂಚು ಆರಲು ಭಟ್ಟಿಯಲ್ಲೇ ದಿನಗಟ್ಟಲೆ ಬಿಡಬೇಕಂತೆ. ನಮ್ಮಲ್ಲಿ ಹಾಗಿಲ್ಲ. ಭಟ್ಟಿಯ ಬಾಯಿಯಿಂದ ಕಡಲೊಳಗಿನ ತನಕ ಹಳಿ ಹಾಕಿದ್ದರು. ಕೆಂಡದಂಥ ಹಂಚನ್ನು ಗಾಡಿಗೆ ತುಂಬಿ ಕೆಳಗೆ ಬಿಟ್ಟು, ನೀರಿನಲ್ಲಿ ಮುಳುಗಿದ ಮೇಲೆ ಹಗ್ಗದಿಂದ ಎಳೆದರೆ ಹಂಚು ತಣ್ಣಗಾಗಿ ಮೇಲೆ ಬರುತ್ತಿತ್ತು. ಒಂದೂ ಬಿರಿಯುತ್ತಿರಲಿಲ್ಲ. ನನ್ನ ಅಪ್ಪನ ಕಾಲದಲ್ಲಿ ಒಂದೇ ಭಟ್ಟಿ ಇತ್ತು. ನಾನು ಸೇರುವಾಗ ಗುಡ್ಡದ ಬುಡದ ತನಕ ಹೊಗೆಕೊಳವೆಗಳು ಎದ್ದಿದ್ದವು. ಹಗಲು ಒಂದು ಗಾಡಿ ಮೇಲೆ ಬರುವಷ್ಟರಲ್ಲಿ ಇನ್ನೊಂದು ಇಳಿಯುತ್ತಿತ್ತು. ಇಷ್ಟೊಂದು ಕಾವು ಕಡಲಿಗೆ ಹೆಚ್ಚಾಗುವುದಿಲ್ಲವೇ ಎಂದು ನಾನೊಮ್ಮೆ ಮೇಸ್ತ್ರಿ ಫೆಲಿಕ್ಸರನ್ನು ಕೇಳಿದ್ದೆ. ಅವರು ನಕ್ಕು, “ಕಡಲಿಗೆ ಎಂತ ಆಗ್ತದೆ ಮಾರಾಯ, ನೀನು ಹಗ್ಗ ಗಟ್ಟಿ ಹಿಡಿ” ಎಂದಿದ್ದರು.

ಕಾರ್ಖಾನೆಗೆ ಜೇಡಿಮಣ್ಣು ಹೊರಲು ಘಟ್ಟದಾಚೆಯ ಬಯಲಿನಿಂದ ಜನ ಬಂದಿದ್ದರು. ಅವರಲ್ಲೊಬ್ಬಳಾದ ಕಾಶವ್ವನನ್ನು ನಾನು ಮದುವೆಯಾದೆ. ಅವಳು ಕಡಲನ್ನು ಕಂಡದ್ದೇ ಇಲ್ಲಿಗೆ ಬಂದ ಮೇಲೆ. ಜ್ವರ ಬಂದ ಮಗುವನ್ನು ನೀರಿಗಿಳಿಸುವುದನ್ನು ಮೊದಲ ಸಲ ನೋಡಿದವಳು, “ಅಯ್ಯ ಶಿವನ, ಕೂಸಿನ ಮೈ ಸುಡಾಕತ್ತೇತಿ, ತಣ್ಣೀರಾಗ ಮುಳಗಸ್ತೀರಲ್ರೀ!” ಎಂದು ಕಿರುಚಿ ಓಡಿಹೋಗಿದ್ದಳಂತೆ. ಮದುವೆಯಾದ ಮೇಲೂ ಅವಳು ನೀರಿಗೆ ಇಳಿಯಲಿಲ್ಲ. ಒಮ್ಮೆ ಜ್ವರ ಬಂದಾಗ ತವರಿನಿಂದ ತಂದ ಕಂಬಳಿ ಹೊದ್ದು ಮಲಗಿಯೇಬಿಟ್ಟಳು. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಂತು ಅವಳನ್ನು ನೋಡಿ ಹೋಗುತ್ತಿದ್ದರು. ನಾಲ್ಕಾರು ದಿನ ಒಂದೇ ಜ್ವರ ಇಟ್ಟುಕೊಂಡವರನ್ನು ನಾವು ಕಂಡಿರಲಿಲ್ಲ. ನನ್ನಮ್ಮ ಅಕ್ಕು ನಾಚಿಕೆಯಿಂದ ಹೊರಗೇ ಬರಲಿಲ್ಲ. ಒಂದು ರಾತ್ರಿ ನಾವೆಲ್ಲ ಮಲಗಿದ್ದಾಗ ಜ್ವರ ಬಿಟ್ಟು ಅವಳು ಬೆಳಿಗ್ಗೆ ಎದ್ದಳು; ಅದು ಹೇಗೆ ಹೋಯಿತೆಂದು ಯಾರೂ ನೋಡಲಿಲ್ಲ.

ಮೊದಲು ಹೆದರಿದವನು ಇಸುಬಾಕ. ಅವನು ನೆರೆಮನೆಯ ಮೀನುಗಾರ. ನನ್ನನ್ನು ಎತ್ತಿ ಆಡಿಸಿದವನು. ನಮ್ಮ ಮದುವೆಯಾಗಿ ಕೆಲವು ವರ್ಷಗಳಾಗಿದ್ದವು; ಆ ವರ್ಷ ಬೂತಾಯಿ ಮೀನು ದಡದ ಹತ್ತಿರಕ್ಕೆ ಬರಲೇ ಇಲ್ಲ. ಬಂಗುಡೆ ಹುಡುಕಿಕೊಂಡು ಅವನು ದೋಣಿಯನ್ನು ಇದುವರೆಗೆ ಹೋಗದಷ್ಟು ದೂರ ಒಯ್ಯುತ್ತಿದ್ದ. ಒಂದು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತು ತನ್ನ ಅಂಗೈಯನ್ನೇ ನೋಡುತ್ತಾ ಹೇಳಿದ: “ವಾಮನಾ, ನೀರು ಬಾಣಂತಿ ನೀರಿನ ಹಾಗೆ ಉಂಟು. ಮೇಲಿಂದ ಮಾತ್ರ ಅಲ್ಲ, ಬಲೆಯ ಅಡಿಯಲ್ಲಿ ಸಹ ಬಿಸಿ. ನಾನು ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದಿಲ್ಲ.”

ಆಮೇಲೆ ಒಂದೊಂದೇ ಕಾಣತೊಡಗಿತು. ಒಲೆಯ ಮೇಲಿನ ಹಾಲು ಕಾದು ಏರುವ ಹಾಗೆ ಕಡಲು ಏರಿತು. ಹಳಿಯ ತುದಿಯಲ್ಲಿ ಕಾಣುತ್ತಿದ್ದ ಕಂಬ ಮುಳುಗಿತು, ಅದರ ಹಿಂದಿನದೂ ಮುಳುಗಿತು. ಮಧ್ಯಾಹ್ನದ ಗಾಳಿ ಬಂತು, ಆದರೆ ಹಸಿಬಟ್ಟೆಗೆ ಇಸ್ತ್ರಿ ಒತ್ತುವಾಗ ಮುಖಕ್ಕೆ ಹೊಡೆಯುವ ಹಬೆಯ ಹಾಗಿತ್ತು. ಗೋಡೆಗಳು ಬೆವರಿದವು. ಉಪ್ಪಿನ ಮರಿಗೆಯಲ್ಲಿ ನೀರು ನಿಂತಿತು. ಮಳೆ ಬರಬೇಕಾದ ತಿಂಗಳಲ್ಲಿ ಮೋಡ ಕಡಲಿನ ಮೇಲೆ ಎಮ್ಮೆಯಂತೆ ಬಿದ್ದುಕೊಂಡಿದ್ದು ಎದ್ದು ಬರಲಿಲ್ಲ. ಮಾವು ಹೂಬಿಡುವ ಹೊತ್ತಿನಲ್ಲಿ ಬಂದ ಮಳೆ ಹೂವನ್ನೆಲ್ಲ ನೆಲಕ್ಕೆ ಹಾಕಿತು. ಜನ ಒಬ್ಬರನ್ನೊಬ್ಬರು “ಸೆಕೆ ಅಲ್ದಾ?” ಎಂದು ಕೇಳುತ್ತಿದ್ದರು. ಉತ್ತರಕ್ಕೆ ನಿಲ್ಲದೆ ಮುಂದೆ ಹೋಗುತ್ತಿದ್ದರು. ಕಾರ್ಖಾನೆಯ ಗಾಡಿಗಳು ಮಾತ್ರ ಹಾಗೇ ಇಳಿಯುತ್ತಿದ್ದವು. ಇಳಿಸುತ್ತಿದ್ದವನು ನಾನೇ.

ಒಂದು ದಿನ ಇಸುಬಾಕ ದೋಣಿಯಿಂದ ಇಳಿಯುವಾಗಲೇ ಓಲಾಡುತ್ತಿದ್ದ. ನಾವು ಎತ್ತಿಕೊಂಡು ಬಂದು ಜಗಲಿಯಲ್ಲಿ ಮಲಗಿಸಿದೆವು. ಮೈ ಮುಟ್ಟಲಾಗದಷ್ಟು ಬಿಸಿ. ಕಣ್ಣು ಮುಚ್ಚಿಕೊಂಡೇ ಕೂಗತೊಡಗಿದ: “ದೂಮಣ್ಣಾ, ಹಗ್ಗ ಹಿಡಿ. ಕಪ್ಪು ಎಮ್ಮೆ ಒಳಗೆ ಬಂತು. ಬಾಗಿಲು ಹಾಕು ದೂಮಣ್ಣಾ!”

ಇಸುಬಾಕ ಎಮ್ಮೆ ಸಾಕಿದವನಲ್ಲ. ದೂಮಣ್ಣ ಎಂಬ ಹೆಸರನ್ನು ನಾನು ಕೇಳಿಯೂ ಇರಲಿಲ್ಲ. ನೀರು ತಂದ ನನ್ನಮ್ಮ ಚೆಂಬನ್ನು ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟಳು.

“ಇದು ನನ್ನ ಅಪ್ಪನ ಜ್ವರ” ಎಂದಳು. “ದೂಮಣ್ಣ ಅಂದ್ರೆ ನನ್ನ ದೊಡ್ಡಪ್ಪ. ಅಪ್ಪ ಇದನ್ನೇ ಹೇಳ್ತಾ ಇದ್ರು. ಇದೇ ಮಾತು, ಇದೇ ಸ್ವರ. ನಾನು ಸಣ್ಣವಳು, ದಡದಲ್ಲಿ ನಿಂತು ನೋಡ್ತಾ ಇದ್ದೆ. ಅಪ್ಪನನ್ನು ಮುಳುಗಿಸಿ ತೆಗೆದ ಕೂಡಲೇ ಎಮ್ಮೆ ಹೋಯ್ತು.”

ಗೊತ್ತಿದ್ದುದನ್ನೇ ಮಾಡಿದೆವು. ಇಸುಬಾಕನನ್ನು ಹೊತ್ತುಕೊಂಡು ಹೋಗಿ ನೀರಿಗೆ ಇಳಿಸಿದೆವು. ಹೆಗಲಿಗೆ ಕೈಕೊಟ್ಟವನು ನಾನು. ಎತ್ತಿದಾಗ ಜ್ವರ ಇಳಿದಿರಲಿಲ್ಲ. ಎಮ್ಮೆಯ ಜೊತೆಗೆ ಈಗ ಹೆಂಗಸೊಬ್ಬಳ ದನಿಯೂ ಅವನ ಬಾಯಲ್ಲಿ ಬಂತು. ತೊಟ್ಟಿಲು ಯಾರು ತೂಗುತ್ತಿದ್ದಾರೆ, ನಿಲ್ಲಿಸಿ, ನಿಲ್ಲಿಸಿ ಎಂದು ಅಳತೊಡಗಿತು. ಸಂಜೆಯ ಬಾಂಗಿನ ಹೊತ್ತಿಗೆ ಇಸುಬಾಕ ತೀರಿಕೊಂಡ. ನಮ್ಮೂರಿನಲ್ಲಿ ಜ್ವರದಿಂದ ಸತ್ತ ಮೊದಲ ಮನುಷ್ಯ ಅವನು.

ಮರುದಿನದಿಂದ ಮರಳಿನ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಚಿಪ್ಪು ಹೆಕ್ಕುವವರು ಹೋಗಲಿಲ್ಲ, ದೋಣಿಗಳು ಕವುಚಿಕೊಂಡೇ ಇದ್ದವು. ಪಡುವಣದ ಬಾಗಿಲುಗಳಿಗೆ ಜನ ಅಡ್ಡಪಟ್ಟಿ ಹೊಡೆದು, ಹಿಂದಿನ ಗೋಡೆ ಒಡೆದು ಹೊಸ ಬಾಗಿಲು ಮಾಡಿಕೊಂಡರು. ಆದರೆ ಗಾಳಿಗೆ ಬಾಗಿಲು ಬೇಕೇ? ನೀರನ್ನು ಮುಟ್ಟದವರಿಗೂ ಜ್ವರ ಬರತೊಡಗಿತು. ಬಂದದ್ದು ಒಬ್ಬರಿಗೂ ಇಳಿಯಲಿಲ್ಲ. ಮಾತನ್ನು ಕೇಳಿ ಮುದುಕರು ಅದು ಯಾರ ಜ್ವರ ಎಂದು ಗುರುತು ಹಿಡಿಯುತ್ತಿದ್ದರು. ಇದು ಬಡಗಿ ಸಂಕುವಿನದು, ಇದು ಅವನ ತಾಯಿಯದು. ಬದುಕಿರುವವರ ಜ್ವರವೂ ಬರುತ್ತಿತ್ತು. ಆಗ ಆ ಮನುಷ್ಯ ತಲೆ ತಗ್ಗಿಸಿ ರೋಗಿಯ ಮನೆಯ ಮುಂದೆ ನಿಲ್ಲುತ್ತಿದ್ದ. ಯಾರೂ ಅವನನ್ನು ಬಯ್ಯುತ್ತಿರಲಿಲ್ಲ. ಎಲ್ಲರೂ ಕೊಟ್ಟವರೇ.

ಕಾರ್ಖಾನೆಯಲ್ಲಿ ಗಾಡಿ ಇಳಿಸಿದರೆ ಹಂಚು ಬಿಸಿಬಿಸಿಯಾಗಿಯೇ ಮೇಲೆ ಬರುತ್ತಿತ್ತು. ಕೆಲವು ನೀರಿನಲ್ಲೇ ಪಟಾಕಿಯ ಹಾಗೆ ಸಿಡಿಯುತ್ತಿದ್ದವು. ಆದರೂ ಧಣಿಗಳು, ಇವತ್ತು ಸರಿಯಾದೀತು, ನಾಳೆ ಸರಿಯಾದೀತು ಎನ್ನುತ್ತಾ ಭಟ್ಟಿಗಳನ್ನು ಆರಿಸಲಿಲ್ಲ.

ನನ್ನ ಮಗಳು ಸುಗಂಧಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಒಳಗೆ ಬಂದು, ಅಪ್ಪಾ ಚಳಿ, ಎಂದಳು. ಆ ಸೆಕೆಯಲ್ಲಿ ಚಳಿ ಎಂದರೆ ಏನೆಂದು ನಮಗೆಲ್ಲ ಅಷ್ಟರಲ್ಲಿ ಗೊತ್ತಾಗಿತ್ತು. ಚಾಪೆಯ ಮೇಲೆ ಮಲಗಿಸಿದೆವು. ಸ್ವಲ್ಪ ಹೊತ್ತಿನಲ್ಲೇ ಅವಳು ಮಾಡಿನ ಜಂತೆಗಳನ್ನು ನೋಡುತ್ತಾ ಮೆಲ್ಲಗೆ ಹೇಳಿದಳು: “ಇರುವೆಗಳು ಬಂದವು. ಮನೆಯನ್ನು ಹೊತ್ತುಕೊಂಡು ಹೋಗ್ತಾ ಉಂಟು. ಅಮ್ಮಾ, ಇಳಿಯುವ, ಮನೆ ಹೋಗ್ತಾ ಉಂಟು.”

ಚಿಕ್ಕವನಿದ್ದಾಗ ನನಗೆ ಬಂದ ಜ್ವರ ಅದು. ಕೆಂಪು ಇರುವೆಗಳು ಸಾಲುಸಾಲಾಗಿ ಜಂತೆಗೆ ಹೆಗಲು ಕೊಟ್ಟು ಇಡೀ ಮನೆಯನ್ನು ಎತ್ತಿಕೊಂಡು ನಡೆಯುತ್ತಿದ್ದವು. ಎಲ್ಲಿಗೆ ಎಂದು ತಿಳಿಯುವ ಮೊದಲೇ ಅಮ್ಮ ನನ್ನನ್ನು ಕಡಲಿಗೆ ಒಯ್ದಿದ್ದಳು. ಅವು ಎಲ್ಲಿಗೆ ಹೊರಟಿದ್ದವು ಎಂದು ನನಗೆ ಗೊತ್ತಿರಲಿಲ್ಲ. ಈಗ ನನ್ನ ಮಗಳು ಅವುಗಳ ಜೊತೆ ಹೋಗುತ್ತಿದ್ದಳು.

ದಿನ ಕಳೆದಂತೆ ಜ್ವರ ಏರಿತು. ಕಾಶವ್ವ ಹಳೇ ಸೀರೆಯ ಚೂರನ್ನು ಒದ್ದೆ ಮಾಡಿ ಹಣೆಯ ಮೇಲಿಟ್ಟು, ಬಿಸಿಯಾದ ಕೂಡಲೇ ತೆಗೆದು ಇನ್ನೊಂದನ್ನು ಇಡುತ್ತಿದ್ದಳು. ಗಂಜಿಯ ತಿಳಿಯನ್ನು ತೊಟ್ಟು ತೊಟ್ಟಾಗಿ ತುಟಿಗೆ ಬಿಡುತ್ತಿದ್ದಳು. ನನ್ನಮ್ಮ ಮೂಲೆಯಲ್ಲಿ ಕೂತು ನೋಡಿ ನೋಡಿ, ಒಂದು ಮಧ್ಯಾಹ್ನ ತಡೆಯಲಾರದೆ ಎದ್ದು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಕಾಶವ್ವ ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ಅತ್ತಿ, ಕೂಸನ್ನ ಕೆಳಗ ಇಡ್ರಿ.”

“ದಾರಿ ಬಿಡು ಕಾಶಿ. ಮೈ ಕೆಂಡ ಆಗಿದೆ. ಕಡಲಿಗೆ ಕೊಡದಿದ್ರೆ ಇದು ಉಳಿಯುವುದಿಲ್ಲ.”

“ಇಸುಬಾಕನ್ನ ಒಯ್ದ್ರಿ. ಉಳದ್ನೇನು?”

“ಅವನಿಗೆ ವಯಸ್ಸಾಗಿತ್ತು. ಇದು ಎಳೆ ಮಗು, ಇದನ್ನು ಕಡಲು ಬಿಡುವುದಿಲ್ಲ. ನನ್ನ ಅಜ್ಜಿಯ ಕಾಲದಿಂದ ನಾವು ಕೊಟ್ಟೇ ಬದುಕಿದ್ದು ಮಾರಾಯ್ತಿ!”

“ಜ್ವರ ಇಳಿಯೂದು ನೀವು ಕಂಡಿಲ್ಲ ಅತ್ತಿ. ನಾ ಕಂಡೀನಿ. ನಮ್ಮ ಕಡೆ ಕಡಲಿಲ್ಲ. ಮೈಯಾಗ ಬಂದದ್ದು ಮೈಯಾಗ ಇಳೀಬೇಕು.”

“ಇಳಿಯದಿದ್ರೆ?”

ಕಾಶವ್ವ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. “ಇಳೀಲಾರದ್ದನ್ನೂ ಕಂಡೀನಿ” ಎಂದಳು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ನನ್ನ ತಮ್ಮ ಹೋದ. ಆದ್ರ ಇಳದವ್ರು ಭಾಳ ಮಂದಿ.”

ಇಬ್ಬರೂ ನನ್ನ ಕಡೆ ನೋಡಿದರು. ಕಡಲನ್ನು ನಂಬಲಾರೆ. ಹೆಂಡತಿ ಹೇಳುವುದನ್ನು ಕಣ್ಣಾರೆ ಕಂಡಿಲ್ಲ. ಅಮ್ಮನ ಹೆಗಲಿನ ಮೇಲೆ ಮಗಳ ತಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ನಾನು ಹೋಗಿ ಮಗುವನ್ನು ತೆಗೆದುಕೊಂಡೆ. “ಅಮ್ಮಾ, ಇದು ನನ್ನ ಜ್ವರ. ಕಡಲಿಗೆ ಇನ್ನೊಂದು ಸಲ ಕೊಡುವುದು ಬೇಡ” ಎಂದು ಹೇಳಿ ಚಾಪೆಯ ಮೇಲೆ ಮಲಗಿಸಿದೆ. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅತ್ತಳು.

ಆಗಲೇ ಹೊರಗೆ ಬೆಳಕು ಬದಲಾದದ್ದು. ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿದಂಥ ಬಣ್ಣ. ಕಡಲಿನ ಮೇಲೆ ಬಿದ್ದುಕೊಂಡಿದ್ದ ಮೋಡ ಎದ್ದು ನಿಂತಿತ್ತು, ನಿಂತಲ್ಲೇ ತಿರುಗುತ್ತಿತ್ತು. ಮೇಸ್ತ್ರಿ ಫೆಲಿಕ್ಸ್ ಓಡಿಕೊಂಡು ಬಂದರು. ಅವರು ಓಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ವಾಮನಾ, ಹೊರಡು, ಹೊರಡು! ನೀರು ಭಟ್ಟಿಯ ಬಾಗಿಲಿಗೆ ಬಂತು. ಗುಡ್ಡಕ್ಕೆ ಹೋಗುವ. ಎಂತದೂ ತೆಗೊಳ್ಬೇಡ, ಮಗುವನ್ನು ಮಾತ್ರ ತೆಗೋ!”

ಕಾಶವ್ವ ಸುಗಂಧಿಯನ್ನು ಕಂಬಳಿಯಲ್ಲಿ ಸುತ್ತಿದಳು. ನಾನು ಹೊತ್ತುಕೊಂಡೆ. ಅಮ್ಮನನ್ನು ಫೆಲಿಕ್ಸ್ ಕೈಹಿಡಿದು ಎಳೆದುಕೊಂಡು ಬಂದರು. ದಾರಿಯ ತುಂಬ ಜನ. ಹೆಗಲ ಮೇಲೆ ಮುದುಕರು, ಕಂಕುಳಲ್ಲಿ ಕೋಳಿ. ಗಾಳಿ ಬೆನ್ನಿಗೆ ಒದ್ದು ನಮ್ಮನ್ನು ಗುಡ್ಡ ಹತ್ತಿಸುತ್ತಿತ್ತು. ಅದು ಬಿಸಿಯಾಗಿತ್ತು. ಅದರೊಳಗೆ ನೂರಾರು ಜನ ಒಟ್ಟಿಗೆ ಕನವರಿಸುವ ಸದ್ದಿತ್ತು. ಯಾರೋ ಬಾಗಿಲು ಹಾಕಲು ಹೇಳುತ್ತಿದ್ದರು, ಯಾರೋ ನೀರು ಕೇಳುತ್ತಿದ್ದರು, ಯಾರೋ ತಾಯಿಯನ್ನು ಕೂಗುತ್ತಿದ್ದರು. ಮುಂದೆ ಹೋಗುತ್ತಿದ್ದವರಲ್ಲಿ ಹಲವರು ಎರಡೂ ಕಿವಿ ಮುಚ್ಚಿಕೊಂಡಿದ್ದರು. ನನಗೆ ಮುಚ್ಚಿಕೊಳ್ಳಲು ಕೈ ಇರಲಿಲ್ಲ. ಹಿಂದೆ ದೊಡ್ಡ ಸದ್ದಾಯಿತು. ತಿರುಗಿ ನೋಡಿದಾಗ ಉರಿಯುವ ಭಟ್ಟಿಗಳ ಮೇಲೆ ಕಡಲು ಬಿದ್ದಿತ್ತು. ಹೊಗೆಕೊಳವೆಗಳು ಒಂದೊಂದಾಗಿ, ಹೊಟ್ಟೆ ಹಿಡಿದುಕೊಂಡವರ ಹಾಗೆ ಬಾಗಿ, ಹಬೆಯೊಳಗೆ ಕಾಣದಾದವು.

ಗುಡ್ಡದ ಮೇಲಿದ್ದ, ಕಾರ್ಖಾನೆಯ ಮಣ್ಣು ಹದ ಮಾಡುವ ಕೊಟ್ಟಿಗೆಯಲ್ಲಿ ನಾವೆಲ್ಲ ಒತ್ತೊತ್ತಾಗಿ ಕೂತೆವು. ಗಾಳಿ ನಿಂತಾಗ ಬೆಳಗಾಗಿತ್ತು. ಸುಗಂಧಿಯ ಮಾತು ನಿಂತಿತ್ತು. ಇದ್ದಕ್ಕಿದ್ದಂತೆ ಅಮ್ಮ ಚೀರಿದಳು: “ಮಗು ಹೋಯ್ತು! ವಾಮನಾ, ಮೈ ತಣ್ಣಗಾಯ್ತು, ಒದ್ದೆ ಆಯ್ತು, ಹೋಯ್ತು!”

ಸುತ್ತಲಿದ್ದವರೆಲ್ಲ ಎದ್ದು ನಿಂತರು. ನಾನು ಮುಟ್ಟಿ ನೋಡಿದೆ. ಹಣೆ ತಣ್ಣಗಿತ್ತು, ಕತ್ತಿನ ಸಂದಿನಿಂದ ನೀರು ಹರಿಯುತ್ತಿತ್ತು, ಲಂಗ ತೊಯ್ದು ಹೋಗಿತ್ತು. ಕಾಶವ್ವ ಜನರನ್ನು ಸರಿಸಿ ಬಂದು ಮಗಳ ಕುತ್ತಿಗೆಗೆ ಕೈಯಿಟ್ಟಳು. ಆಮೇಲೆ ತನ್ನ ಸೆರಗಿನಿಂದ ಅವಳ ಮುಖ ಒರೆಸತೊಡಗಿದಳು.

“ಬೆವರು ಬಿಟ್ಟೇತ್ರಿ” ಎಂದಳು. “ಅತ್ತಿ, ಅಳಬ್ಯಾಡ್ರಿ. ಜ್ವರ ಇಳಿಯೂದಂದ್ರ ಇದ.”

ಊರಿನವರೆಲ್ಲ ಸುತ್ತ ನಿಂತು ಆ ಬೆವರನ್ನು ನೋಡಿದರು. ಒಬ್ಬ ಹೆಂಗಸು ಬೆರಳಿನಿಂದ ಮುಟ್ಟಿ ಮೂಸಿ ನೋಡಿದಳು. ಸುಗಂಧಿ ಕಣ್ಣು ಬಿಟ್ಟು ಇಷ್ಟೊಂದು ಜನರನ್ನು ಕಂಡು ನಾಚಿ ಕಂಬಳಿಯೊಳಗೆ ಸೇರಿಕೊಂಡಳು.

ನೀರು ಇಳಿದ ಮೇಲೆ ನಾವು ಕೆಳಗೆ ಹೋದೆವು. ಉಳಿದ ಗೋಡೆಗಳಿಗೆ ಮಾಡು ಹೊದೆಸಿದೆವು. ಧಣಿಗಳು ಒಂದು ಭಟ್ಟಿಯನ್ನು ಮತ್ತೆ ಕಟ್ಟಿಸಿ ಹಳಿ ಹಾಕಿಸಲು ಹೊರಟಾಗ, ನಾನು ಗಾಡಿ ಇಳಿಸುವುದಿಲ್ಲ ಎಂದೆ. ಬೇರೆಯವರೂ ಹಗ್ಗ ಮುಟ್ಟಲಿಲ್ಲ. ಫೆಲಿಕ್ಸ್ ಮುಂದೆ ಬಂದು, “ಹಂಚು ನೆಲದಲ್ಲೇ ಆರಲಿ, ಧಣಿ” ಎಂದರು. ಹಂಚು ನಿಧಾನವಾಗಿ ಆರುತ್ತದೆ. ಆರುವ ತನಕ ಅಂಗಳದಲ್ಲಿ ನಿಲ್ಲಲಾಗುವುದಿಲ್ಲ, ಅಂಗಾಲು ಬೊಬ್ಬೆ ಏಳುತ್ತದೆ. ಅರ್ಧಕ್ಕರ್ಧ ಜನ ಕೆಲಸವಿಲ್ಲದೆ ಊರು ಬಿಟ್ಟರು. ಹೋದವರಲ್ಲಿ ಕೆಲವರು ಬಡಗಣ ತೀರದ ಊರುಗಳಿಗೆ ಹೋಗಿ ಅಲ್ಲಿನ ಭಟ್ಟಿಗಳಲ್ಲಿ ಗಾಡಿ ಇಳಿಸುತ್ತಿದ್ದಾರೆಂದು ಕೇಳಿದೆವು. ಅಲ್ಲಿನ ನೀರು ಇನ್ನೂ ತಣ್ಣಗಿದೆಯಂತೆ. ಕಡಲು ಒಂದೇ ಅಲ್ಲವೇ ಎಂದು ನಾನು ಹೇಳಿ ಕಳಿಸಿದರೆ, ಹೊಟ್ಟೆಯೂ ಒಂದೇ ಎಂದು ಉತ್ತರ ಬಂತು.

ನಮ್ಮಲ್ಲಿ ಜ್ವರ ಈಗಲೂ ಬರುತ್ತದೆ. ನಾವು ಕೊಡುವುದನ್ನು ನಿಲ್ಲಿಸಿದೆವು ಎಂದ ಮಾತ್ರಕ್ಕೆ ಕಡಲು ನಿಲ್ಲಿಸಲಿಲ್ಲ. ಕಾಶವ್ವ ಮನೆಮನೆಗೆ ಹೋಗಿ ಬಟ್ಟೆ ಹೇಗೆ ಹಿಂಡಬೇಕು, ಗಂಜಿ ಎಷ್ಟು ತಿಳಿಯಾಗಿರಬೇಕು ಎಂದು ತೋರಿಸುತ್ತಾಳೆ. ಕೆಲವರು ಬೆವರುತ್ತಾರೆ, ಕೆಲವರು ಹೋಗುತ್ತಾರೆ.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಗಾಳಿ ಏಳುವ ಹೊತ್ತಿಗೆ ಅಮ್ಮ ಕಾಶವ್ವನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: “ಕಾಶಿ, ನಿನ್ನ ಊರಿನಿಂದ ಹೆಂಗಸರು ಬರಬಹುದಾ? ಜ್ವರ ನೋಡ್ಲಿಕ್ಕೆ ಗೊತ್ತಿರುವವರು. ತುಂಬ ಜನ ಬೇಕು.”

“ಯಾಕ್ರಿ ಅತ್ತಿ? ಈಗ ನಿಮ್ಮೂರವ್ರೂ ಕಲತಾರಲ್ಲ.”

ಅಮ್ಮ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಳು. ಆಮೇಲೆ ಹೇಳಿದಳು.

“ಈ ವಾಮನ ಹೊಟ್ಟೆಯಲ್ಲಿದ್ದಾಗ ಒಂದು ಹಡಗು ಬಂದಿತ್ತು. ಅದರಲ್ಲಿ ಎಂತದೋ ದೊಡ್ಡ ಜ್ವರ. ಎರಡೇ ದಿನದಲ್ಲಿ ಊರಿಗೆ ಊರೇ ಮಲಗಿತು. ಕಣ್ಣಿನಲ್ಲಿ ರಕ್ತ ಬರುವ ಜ್ವರ ಅದು, ಮಗಳೇ. ಆವಾಗ ಎಲ್ಲರೂ ಕೈಕೈ ಹಿಡಿದುಕೊಂಡು, ದಡದ ಆ ತುದಿಯಿಂದ ಈ ತುದಿಯ ತನಕ ಒಂದೇ ಸಾಲಾಗಿ ನಿಂತು ಒಟ್ಟಿಗೆ ಮುಳುಗಿದ್ದು. ನಾನೂ ಇದ್ದೆ. ಎದ್ದು ಬಂದು ಎಲ್ಲರೂ ಮನೆಗೆ ಹೋಗಿ ಅನ್ನ ಬೇಯಿಸಿದೆವು. ಒಬ್ಬರೂ ಸಾಯಲಿಲ್ಲ. ಹಾಗಾಗಿ ಯಾರೂ ಅದನ್ನು ಮತ್ತೆ ನೆನೆಸಲಿಲ್ಲ. ಈಗ ಇಷ್ಟು ಜನರ ಜ್ವರ ಬಂತು. ನಾನು ಪ್ರತಿ ಮನೆಗೆ ಹೋಗಿ ಕಣ್ಣಿನ ರೆಪ್ಪೆ ಬಿಡಿಸಿ ನೋಡ್ತಾ ಇದ್ದೇನೆ. ಅದು ಇನ್ನೂ ಬರಲಿಲ್ಲ.”

ಹೊರಗೆ ಗಾಳಿ ಶುರುವಾಗಿತ್ತು. ಅಡ್ಡಪಟ್ಟಿ ಹೊಡೆದ ಹಳೆಯ ಬಾಗಿಲು ಅದರ ಬಿಸಿಗೆ ಮೆಲ್ಲಗೆ ಕಿರುಗುಟ್ಟಿತು. ಕಾಶವ್ವ ನನ್ನ ಮುಖ ನೋಡಿದಳು, ಸುಗಂಧಿ ಆಡುತ್ತಿದ್ದ ಕಡೆಗೊಮ್ಮೆ ನೋಡಿದಳು. ಒಳಗೆ ಹೋಗಿ ಪೆಟ್ಟಿಗೆ ತೆರೆದು ತನ್ನ ಮದುವೆಯ ಸೀರೆಯನ್ನು ತಂದಳು. ಅಂಚನ್ನು ಹಲ್ಲಿನಿಂದ ಕಚ್ಚಿ, ಹಣೆಗಿಡಲು ಅಂಗೈಯಗಲಕ್ಕೆ ಹರಿಯತೊಡಗಿದಳು. ಅಮ್ಮ ಎದುರು ಕೂತು ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಆ ಸದ್ದು ಕೇಳಿ ಪಕ್ಕದ ಮನೆಯವಳು ಬಂದು ಇಣುಕಿದಳು. ಏನೆಂದು ಕೇಳಿ ತಿಳಿದ ಮೇಲೆ ಓಡಿ ಹೋಗಿ, ತನ್ನ ಸೀರೆಯನ್ನೂ ತಂದು ಅವರ ಜೊತೆ ಕೂತಳು.